ಗುಟ್ಟಿನ ಬಾಗಿಲ ಹಿಂದಿನ ಗ್ಲಾಸು

ಕಳೆದ ತಿಂಗಳು ರಕ್ತದೊತ್ತಡ ಪರೀಕ್ಷಿಸಿಕೊಳ್ಳಲು ಬಂದಿದ್ದ ಪುತ್ತಿಗೆಯ ಅಡಿಕೆ ಕೃಷಿಕರೊಬ್ಬರು, ಕೆಲಸ ಮುಗಿದ ಮೇಲೂ ಎದ್ದು ಹೋಗದೆ ಕಿಸೆಯಿಂದ ಮೊಬೈಲ್ ತೆಗೆದು ನನ್ನ ಮೇಜಿನ ಮೇಲಿಟ್ಟರು.

"ಡಾಕ್ಟ್ರೇ, ಇದು ಎಂತದ್ದು ಅಂತ ಸ್ವಲ್ಪ ನೋಡಿ. ಮಗಳು ಬೆಂಗಳೂರಿನಿಂದ ಕಳಿಸಿದ್ದು. ಏನೋ ಹಳೇ ಕಾಲದ ವೇಷದ ಕಾರ್ಯಕ್ರಮವಂತೆ. ಎರಡೂವರೆ ಸಾವಿರ ಕೇಳ್ತಾಳೆ."

ನೋಡಿದೆ. ಕಪ್ಪು ಬಂಗಾರದ ಬಣ್ಣದ ಆಮಂತ್ರಣ. ಟೊಪ್ಪಿ ಹಾಕಿದ ಗಂಡಸು, ತಲೆಗೆ ಗರಿ ಸಿಕ್ಕಿಸಿಕೊಂಡ ಹೆಂಗಸು, ಪಕ್ಕದಲ್ಲಿ ಸ್ಯಾಕ್ಸೋಫೋನ್. 1920ರ ದಶಕದ ಅಮೆರಿಕದ ಉಡುಪಿನಲ್ಲಿ ಬರಬೇಕು. ಬಾಗಿಲಲ್ಲಿ ಗುಟ್ಟಿನ ಮಾತೊಂದನ್ನು ಹೇಳಿದರೆ ಮಾತ್ರ ಒಳಗೆ ಬಿಡುತ್ತಾರೆ. ಮದ್ಯವನ್ನು ಚಹಾದ ಕಪ್ಪಿನಲ್ಲಿ ಕೊಡುತ್ತಾರೆ. 21 ವರ್ಷ ತುಂಬಿದವರಿಗೆ ಮಾತ್ರ ಪ್ರವೇಶ. ಅಮೆರಿಕದಲ್ಲಿ ಪಾನನಿರೋಧ ಇದ್ದಾಗ ಜನ ಕದ್ದು ಕುಡಿಯುತ್ತಿದ್ದ ಜಾಗದ ಅಣಕು ಇದು ಎಂದು ವಿವರಿಸಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಮ್ಮ ಕಾಲದಲ್ಲಿ ಕದ್ದು ಕುಡಿಯುವವರನ್ನು ಕಂಡರೆ ಊರೇ ನಗ್ತಿತ್ತು. ಈಗ ಕದ್ದು ಕುಡಿದ ಹಾಗೆ ನಾಟಕ ಮಾಡ್ಲಿಕ್ಕೆ ಎರಡೂವರೆ ಸಾವಿರವಾ ಮಾರಾಯ್ರೆ?"

ಇಬ್ಬರೂ ನಕ್ಕೆವು. ಆದರೆ ಹೊರಡುವಾಗ ಅವರು ಕೇಳಿದ ಪ್ರಶ್ನೆಗೆ ನಗು ಬರಲಿಲ್ಲ. "ಕಳಿಸಬೇಕಾ, ಬೇಡವಾ? ಬೇಡ ಅಂದ್ರೆ ಹೇಳದೆ ಹೋದಾಳು. ಹೂಂ ಅಂದ್ರೆ ನಾನೇ ಕುಡಿಸಿದ ಹಾಗೆ ಆಗುವುದಿಲ್ಲವಾ?" ಆ ದಿನ ಅವರಿಗೆ ಸರಿಯಾದ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಇಂಥದೇ ಪ್ರಶ್ನೆ ಇನ್ನೂ ಹಲವು ಮನೆಗಳಲ್ಲಿ ಇರಬಹುದೆಂದು ಈ ವಾರದ ಅಂಕಣವನ್ನು ಅದಕ್ಕೇ ಮೀಸಲಿಡುತ್ತಿದ್ದೇನೆ.

ಚಹಾ ಕಪ್ಪಿನ ಹಿಂದಿನ ಕತೆ

ಅಮೆರಿಕದಲ್ಲಿ ಪಾನನಿರೋಧ ಜಾರಿಗೆ ಬಂದದ್ದು 1920ರ ಜನವರಿಯಲ್ಲಿ, ರದ್ದಾದದ್ದು 1933ರ ಡಿಸೆಂಬರ್ 5ರಂದು. ಈ ಹದಿಮೂರು ಚಿಲ್ಲರೆ ವರ್ಷಗಳಲ್ಲಿ ನ್ಯೂಯಾರ್ಕಿನಂಥ ನಗರಗಳಲ್ಲಿ ಕದ್ದು ಮದ್ಯ ಮಾರುವ ಅಡ್ಡೆಗಳು ಲೆಕ್ಕವಿಲ್ಲದಷ್ಟು ಹುಟ್ಟಿಕೊಂಡವು. ಅವುಗಳಿಗೆ 'ಸ್ಪೀಕ್‌ಈಸಿ' ಎಂದು ಹೆಸರು. 'ಮೆಲ್ಲಗೆ ಮಾತಾಡು' ಎಂದು ಅದರ ಭಾವ. ಹೊರಗಿನವರಿಗೆ, ಪೊಲೀಸರಿಗೆ ಕೇಳಿಸಬಾರದು ಎಂಬುದಕ್ಕೆ ಈ ಮೆಲ್ಲಗಿನ ಮಾತು.

ಪಾನನಿರೋಧದಿಂದ ಒಳ್ಳೆಯದೇನೂ ಆಗಲಿಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಆ ಕಾಲದಲ್ಲಿ ಅಮೆರಿಕದಲ್ಲಿ ಯಕೃತ್ತಿನ ಸಿರೋಸಿಸ್ ಕಾಯಿಲೆಯಿಂದ ಸಾಯುವವರ ಪ್ರಮಾಣ ಇಳಿದಿತ್ತು. ಕುಡಿತ ಕಡಿಮೆಯಾದರೆ ಯಕೃತ್ತಿಗೆ, ಅಂದರೆ ನಾವು ಲಿವರ್ ಎನ್ನುವ ಅಂಗಕ್ಕೆ, ಲಾಭವಾಗುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಬಾಗಿಲ ಹಿಂದೆ ಬೇರೆಯದೇ ನಡೆಯುತ್ತಿತ್ತು. ಕಾರ್ಖಾನೆಗಳ ಬಳಕೆಗೆಂದು ತಯಾರಾಗುವ ಆಲ್ಕೋಹಾಲನ್ನು ಯಾರೂ ಕುಡಿಯದಿರಲಿ ಎಂದು ಅದಕ್ಕೆ ಮಿಥೈಲ್ ಆಲ್ಕೋಹಾಲ್ ಮುಂತಾದ ವಿಷಗಳನ್ನು ಸೇರಿಸುವ ನಿಯಮವಿತ್ತು. ಕಳ್ಳರು ಅದನ್ನೇ ಕದ್ದು, ಅರೆಬರೆ ಶುದ್ಧಮಾಡಿ, ಬಣ್ಣ ಹಾಕಿ ವಿಸ್ಕಿ ಎಂದು ಮಾರಿದರು. ಸರಕಾರ 1927ರ ಹೊತ್ತಿಗೆ ವಿಷದ ಪ್ರಮಾಣವನ್ನು ಇನ್ನೂ ಹೆಚ್ಚಿಸಿತು. ಕುಡಿದವರು ಕುರುಡಾದರು, ಸತ್ತರು. ನ್ಯೂಯಾರ್ಕ್ ನಗರದ ಮುಖ್ಯ ವೈದ್ಯಕೀಯ ಪರೀಕ್ಷಕರಾಗಿದ್ದ ಡಾ. ಚಾರ್ಲ್ಸ್ ನಾರಿಸ್, ಶವಾಗಾರಕ್ಕೆ ಬರುತ್ತಿದ್ದ ಹೆಣಗಳ ಲೆಕ್ಕ ಮುಂದಿಟ್ಟು ಸರಕಾರವನ್ನು ಬಹಿರಂಗವಾಗಿ ಟೀಕಿಸಿದರು. ಸತ್ತವರಲ್ಲಿ ಹೆಚ್ಚಿನವರು ಒಳ್ಳೆಯ ಮದ್ಯಕ್ಕೆ ಹಣ ತೆರಲಾಗದ ಬಡವರು.

1930ರಲ್ಲಿ ಇನ್ನೊಂದು ದುರಂತ. ಹೊಟ್ಟೆನೋವಿನ ಔಷಧಿಯಾಗಿ ಮಾರಾಟವಾಗುತ್ತಿದ್ದ ಶುಂಠಿಯ ಟಿಂಚರಿನಲ್ಲಿ ಆಲ್ಕೋಹಾಲ್ ಹೆಚ್ಚಿದ್ದುದರಿಂದ ಬಡವರು ಅದನ್ನೇ ಕುಡಿಯುತ್ತಿದ್ದರು. ಅದಕ್ಕೆ ಪ್ಲಾಸ್ಟಿಕ್ ತಯಾರಿಕೆಯಲ್ಲಿ ಬಳಸುವ ರಾಸಾಯನಿಕವೊಂದನ್ನು ಕಲಬೆರಕೆ ಮಾಡಿದ್ದರಿಂದ ಹತ್ತಾರು ಸಾವಿರ ಜನರ ಕಾಲಿನ ನರಗಳು ಸತ್ತು ಅವರು ಪಾದ ಎಳೆದು ನಡೆಯುವಂತಾಯಿತು. ನಮ್ಮ ವೃತ್ತಿಯವರೂ ಈ ಕತೆಯಲ್ಲಿ ಸಾಚಾ ಅಲ್ಲ. 'ಔಷಧಿಗಾಗಿ ವಿಸ್ಕಿ' ಎಂದು ಚೀಟಿ ಬರೆದು ಹಣ ಮಾಡಿದ ವೈದ್ಯರು ಆಗ ಬೇಕಾದಷ್ಟು ಇದ್ದರು.

ಹಣ್ಣಿನ ರಸ, ಸಕ್ಕರೆ, ಸೋಡಾ ಬೆರೆಸಿದ ಕಾಕ್‌ಟೇಲುಗಳು ಅದಕ್ಕಿಂತ ಹಿಂದೆಯೂ ಇದ್ದವು. ಆದರೆ ಆ ಅಡ್ಡೆಗಳಲ್ಲಿ ಅವು ಇನ್ನಷ್ಟು ಜನಪ್ರಿಯವಾದವು. ಕಾರಣ ಸರಳ. ಒಳಗಿನ ಕೆಟ್ಟ ಮದ್ಯದ ರುಚಿಯನ್ನು ಮುಚ್ಚಲು ಸಿಹಿ ಬೇಕಿತ್ತು. ಆಮಂತ್ರಣದಲ್ಲಿ ಈ ಭಾಗ ಮುದ್ರಣವಾಗಿರಲಿಲ್ಲ.

ಗಂಗಸರ ಕಂಡ ಜಿಲ್ಲೆ

ಪಾನನಿರೋಧ ನೋಡಲು ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಚೌಟ ಅರಸರ ಊರಾದ ನಮ್ಮ ಪುತ್ತಿಗೆಯೂ, ಮೂಡುಬಿದಿರೆಯೂ, ಇಡೀ ದಕ್ಷಿಣ ಕನ್ನಡ ಜಿಲ್ಲೆಯೂ 1956ರ ನವೆಂಬರ್ 1ರವರೆಗೆ ಮದರಾಸಿಗೆ ಸೇರಿದ್ದವು. ರಾಜಾಜಿಯವರು ಮುಖ್ಯಸ್ಥರಾಗಿದ್ದ ಸರಕಾರ ಅಲ್ಲಿ 1937ರಲ್ಲಿ ಪಾನನಿರೋಧ ಕಾಯಿದೆ ತಂದು ಮೊದಲು ಸೇಲಂ ಜಿಲ್ಲೆಯಲ್ಲಿ ಜಾರಿಗೊಳಿಸಿತು. 1948ರ ಹೊತ್ತಿಗೆ ಅದು ಇಡೀ ಪ್ರಾಂತ್ಯಕ್ಕೆ ಹಬ್ಬಿತು. ಅದಕ್ಕೂ ಮುಂಚೆ ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ನಮ್ಮವರು ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ನಡೆಸಿ ಜೈಲಿಗೆ ಹೋದದ್ದುಂಟು. 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು, ಮದ್ಯವನ್ನು ತಯಾರಿಸಬಾರದು, ಮಾರಬಾರದು, ಕುಡಿಯಬಾರದು ಎಂದು ತಮ್ಮ ಜನರಿಗೆ ಬೋಧಿಸಿದವರು. ಮದ್ಯದ ವಿಚಾರದಲ್ಲಿ ಈ ಮಣ್ಣು ಬಹಳ ಹಿಂದಿನಿಂದ ಯೋಚಿಸುತ್ತ ಬಂದಿದೆ.

ಆದರೆ ಇದೇ ಮಣ್ಣಿನಲ್ಲಿ ಗಂಗಸರವೂ ಹರಿದಿದೆ. ಕಾಡಿನ ತೋಡಿನ ಬದಿಯಲ್ಲಿ ಬೆಲ್ಲ, ಗೇರುಹಣ್ಣು ಕೊಳೆಹಾಕಿ ಬಟ್ಟಿ ಇಳಿಸಿದ ಕತೆಗಳನ್ನು ಎಪ್ಪತ್ತೈದು ಎಂಬತ್ತು ದಾಟಿದ ನನ್ನ ರೋಗಿಗಳು ಈಗಲೂ ನಗುತ್ತ ಹೇಳುತ್ತಾರೆ. ಪೊಲೀಸರು ಬಂದರೆಂದು ಮಡಕೆ ಒಡೆದು ಓಡಿದ್ದು, ಹಟ್ಟಿಯ ಗೊಬ್ಬರದ ರಾಶಿಯಲ್ಲಿ ಬಾಟಲಿ ಹೂತದ್ದು, ಎಲ್ಲವೂ ಕೇಳಲು ಸ್ವಾರಸ್ಯವೇ. ಇನ್ನೂ ಸ್ವಲ್ಪ ಹೊತ್ತು ಕೂರಿಸಿ ಮಾತಾಡಿಸಿದರೆ ಅದೇ ಹಿರಿಯರು ದನಿ ತಗ್ಗಿಸಿ ಹೊಟ್ಟೆ ಊದಿ ಸತ್ತ ಅಣ್ಣನ ಬಗ್ಗೆ, ಗಂಡ ಕುಡಿದು ಮಲಗಿದ್ದಲ್ಲೇ ಹೋದ ಚಿಕ್ಕಮ್ಮನ ಬಗ್ಗೆ ಹೇಳುತ್ತಾರೆ. ಗೂಡಂಗಡಿಯ ಕತೆಯಾಗಲಿ, ಗಡಂಗಿನ ಕತೆಯಾಗಲಿ, ಮೊದಲರ್ಧ ನಗೆಯದ್ದು, ಉಳಿದರ್ಧ ಮನೆಯವರದ್ದು.

ಕಳ್ಳಬಟ್ಟಿಯ ವಿಷ ಹಳೆಯ ಕತೆಯೂ ಅಲ್ಲ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಲಬೆರಕೆ ಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಭಾಗದಲ್ಲಿ 150ಕ್ಕೂ ಹೆಚ್ಚು ಜನ ಕಳ್ಳಬಟ್ಟಿಗೆ ಬಲಿಯಾದರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು.

ಇವರೆಲ್ಲರನ್ನೂ ಕೊಂದದ್ದು ಮುಖ್ಯವಾಗಿ ಮಿಥೈಲ್ ಆಲ್ಕೋಹಾಲ್. ನೋಟದಲ್ಲಿ, ವಾಸನೆಯಲ್ಲಿ ಅದು ಕುಡಿಯುವ ಈಥೈಲ್ ಆಲ್ಕೋಹಾಲಿನಂತೆಯೇ ಇರುತ್ತದೆ. ಯಕೃತ್ತು ಅದನ್ನು ಮೊದಲು ಫಾರ್ಮಾಲ್ಡಿಹೈಡ್ ಆಗಿ, ನಂತರ ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ಕೆಂಪಿರುವೆ ಕಚ್ಚಿದಾಗ ಉರಿ ತರಿಸುವ ಆಮ್ಲವೇ ಇದು. ರಕ್ತ ಆಮ್ಲೀಯವಾಗುತ್ತದೆ, ಕಣ್ಣಿನ ನರ ಬೇಯುತ್ತದೆ. ಮೋಸದ ಸಂಗತಿ ಏನೆಂದರೆ, ಕುಡಿದ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯವರೆಗೆ ವಿಶೇಷವೇನೂ ಕಾಣದಿರಬಹುದು. ಮರುದಿನ ತಲೆನೋವು, ವಾಂತಿ, ಹೊಟ್ಟೆನೋವು, ಕಣ್ಣ ಮುಂದೆ ಹಿಮ ಬಿದ್ದಂತೆ ಮಬ್ಬು, ಏದುಸಿರು. ಆಗಲೂ ಬೇಗ ದೊಡ್ಡ ಆಸ್ಪತ್ರೆ ಸೇರಿ ಪ್ರತಿವಿಷ ಮತ್ತು ಡಯಾಲಿಸಿಸ್ ಸಿಕ್ಕಿದರೆ ಜೀವ ಉಳಿಯುತ್ತದೆ, ಕಣ್ಣೂ ಉಳಿಯಬಹುದು. ಹೆಚ್ಚಿನವರು ಉಳಿಯದಿರಲು ಕಾರಣ, ಪೊಲೀಸ್ ಕೇಸಾಗುತ್ತದೆ ಎಂಬ ಹೆದರಿಕೆಯಿಂದ ಕುಡಿದದ್ದನ್ನೇ ಮುಚ್ಚಿಡುವುದು.

ಲೈಸೆನ್ಸ್ ಇದ್ದ ಮದ್ಯವಾದರೆ?

"ಅದೆಲ್ಲ ಕಳ್ಳಬಟ್ಟಿ. ಬೆಂಗಳೂರಿನ ಪಾರ್ಟಿಯಲ್ಲಿ ಕೊಡುವುದು ಲೈಸೆನ್ಸ್ ಇದ್ದ ಒಳ್ಳೆಯ ಮದ್ಯ" ಎಂದು ಯುವಕರು ವಾದಿಸುತ್ತಾರೆ. ನಿಜ. ಅದರಲ್ಲಿ ಮಿಥೈಲ್ ಆಲ್ಕೋಹಾಲಿನ ಭಯ ಇರುವುದಿಲ್ಲ. ಆದರೆ ಅಲ್ಲಿ ಭಯಪಡಬೇಕಾದದ್ದು ಪ್ರಮಾಣದ ಬಗ್ಗೆ.

ಸ್ವಲ್ಪ ಲೆಕ್ಕ ಮಾಡೋಣ. 30 ಮಿಲಿಲೀಟರ್ ವಿಸ್ಕಿ ಅಥವಾ ರಮ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಲಾರ್ಜ್ ಎಂದರೆ 60 ಮಿಲಿಲೀಟರ್, ಅಂದರೆ 20 ಗ್ರಾಂ. ಒಂದು ಕ್ವಾರ್ಟರಿನಲ್ಲಿ 60 ಗ್ರಾಂ. "ಬಿಯರ್ ಏನೂ ಮಾಡುವುದಿಲ್ಲ" ಎನ್ನುವವರಿದ್ದಾರೆ. ಶೇಕಡ 8ರ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 40 ಗ್ರಾಂ ಇರುತ್ತದೆ, ಎರಡು ಲಾರ್ಜಿಗೆ ಸಮ. ನಮ್ಮ ಯಕೃತ್ತು ಒಂದು ಗಂಟೆಗೆ ಹೊರಹಾಕಬಲ್ಲದ್ದು ಹೆಚ್ಚುಕಡಿಮೆ 7ರಿಂದ 8 ಗ್ರಾಂ ಮಾತ್ರ. ಈ ವೇಗವನ್ನು ಲಿಂಬೆರಸವಾಗಲಿ, ಮಜ್ಜಿಗೆಯಾಗಲಿ, ಕಪ್ಪು ಕಾಫಿಯಾಗಲಿ, ತಣ್ಣೀರ ಸ್ನಾನವಾಗಲಿ ಹೆಚ್ಚಿಸಲಾರದು. ರಾತ್ರಿ ಒಂಬತ್ತಕ್ಕೆ ಶುರುಮಾಡಿ ನಾಲ್ಕು ಲಾರ್ಜ್ ಕುಡಿದವನ ರಕ್ತದಿಂದ ಮದ್ಯ ಪೂರ್ತಿ ಹೋಗುವಾಗ ಮರುದಿನ ಬೆಳಿಗ್ಗೆ ಏಳು ಗಂಟೆ. ಆರು ಗಂಟೆಗೆ "ಈಗ ಇಳಿದಿದೆ" ಎಂದು ಸ್ಕೂಟರ್ ಹತ್ತಿದವನಿಗೆ ನಿಜವಾಗಿ ಇಳಿದಿರುವುದಿಲ್ಲ. ವಾಹನ ಓಡಿಸುವವರ ರಕ್ತದಲ್ಲಿ 100 ಮಿಲಿಲೀಟರಿಗೆ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯ ಇರಬಾರದೆಂದು ನಮ್ಮ ದೇಶದ ಕಾನೂನು. ಅರುವತ್ತು ಕಿಲೋ ತೂಕದ ಮನುಷ್ಯ ಹಸಿದ ಹೊಟ್ಟೆಯಲ್ಲಿ ಒಂದೇ ಲಾರ್ಜ್ ಕುಡಿದರೂ ಇದನ್ನು ಮೀರಬಹುದು.

ಸಿಹಿ ಕಾಕ್‌ಟೇಲಿನಲ್ಲಿ ಈ ಲೆಕ್ಕವೇ ತಪ್ಪಿಹೋಗುತ್ತದೆ. ಹೆಸರಿನಲ್ಲಿ 'ಐಸ್ಡ್ ಟೀ' ಎಂದಿರುವ ಒಂದು ಪ್ರಸಿದ್ಧ ಕಾಕ್‌ಟೇಲಿನಲ್ಲಿ ಚಹಾ ಒಂದು ಹನಿಯೂ ಇರುವುದಿಲ್ಲ, ಇರುವುದು ವೋಡ್ಕಾ, ಜಿನ್, ರಮ್ ಮೊದಲಾದ ಐದು ಬಗೆಯ ಮದ್ಯ. ಬಾಯಿಗೆ ಶರಬತ್ತು, ಹೊಟ್ಟೆಗೆ ಸಾರಾಯಿ. ಮೊದಲೇ ಕುಡಿದು ಅಭ್ಯಾಸವಿಲ್ಲದ ಹುಡುಗ ಹುಡುಗಿಯರು ಬಾಯಾರಿಕೆಗೆ ಕುಡಿದಂತೆ ಕುಡಿಯುತ್ತಾರೆ. ಚಹಾದ ಕಪ್ಪಿನಲ್ಲಿ ಕೊಟ್ಟರಂತೂ ಎಷ್ಟು ಮಿಲಿಲೀಟರ್ ಎಂಬ ಅಂದಾಜೂ ಸಿಗುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಇದು ನೀತಿಯ ಮಾತಲ್ಲ, ಶರೀರಶಾಸ್ತ್ರದ ಮಾತು. ಹೆಂಗಸರ ದೇಹದಲ್ಲಿ ನೀರಿನಂಶ ಗಂಡಸರಿಗಿಂತ ಕಡಿಮೆ, ತೂಕವೂ ಸಾಮಾನ್ಯವಾಗಿ ಕಡಿಮೆ. ಅಷ್ಟೇ ಮದ್ಯ ಕುಡಿದರೂ ರಕ್ತದಲ್ಲಿ ಅದರ ಸಾಂದ್ರತೆ ಹೆಚ್ಚಾಗುತ್ತದೆ. ಗೆಳೆಯನ ಗ್ಲಾಸಿಗೆ ಸರಿಗಟ್ಟಲು ಹೋದವಳು ಗೆಳೆಯನಿಗಿಂತ ಮೊದಲು ಬೀಳುವುದು ಇದರಿಂದ.

ಇಪ್ಪತ್ತರ ಆಸುಪಾಸಿನ ಮೆದುಳು ಪೂರ್ತಿ ಬಲಿತಿರುವುದಿಲ್ಲ. ಮುಂದಾಲೋಚನೆ ಮಾಡುವ, 'ಸಾಕು' ಎನ್ನುವ ಮೆದುಳಿನ ಮುಂಭಾಗ ಇಪ್ಪತ್ತೈದರ ಸುಮಾರಿಗೆ ಬಲಿಯುತ್ತದೆ. 2023ರ ಜನವರಿಯಲ್ಲಿ ನಮ್ಮ ರಾಜ್ಯದಲ್ಲಿ ಮದ್ಯ ಕೊಳ್ಳುವವರ ಕನಿಷ್ಠ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ಹೊರಬಿದ್ದು, ವಿರೋಧ ಬಂದ ಮೇಲೆ ಅದನ್ನು ಕೈಬಿಡಲಾಯಿತು. ಕೈಬಿಟ್ಟದ್ದು ವೈದ್ಯಕೀಯ ದೃಷ್ಟಿಯಿಂದ ಸರಿಯಾದ ಕೆಲಸ. ಆರೋಗ್ಯಕ್ಕೆ ಅಪಾಯವೇ ಇಲ್ಲದ ಮದ್ಯದ ಪ್ರಮಾಣ ಎಂಬುದು ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದೂ ಅದೇ ತಿಂಗಳಲ್ಲಿ.

ಮುಚ್ಚಿದ ಕೋಣೆಯ ಹುಡುಗ

ಈಗ ನನ್ನ ಮನಸ್ಸಿನಲ್ಲಿ ಕೊರೆಯುತ್ತಿರುವ ಸಂಗತಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ನಸುಕಿನಲ್ಲಿ ನಾಲ್ವರು ವಿದ್ಯಾರ್ಥಿಗಳು ತಮ್ಮ ಗೆಳೆಯನೊಬ್ಬನನ್ನು ರಿಕ್ಷಾದಲ್ಲಿ ತಂದರು. ಯಾವ ಊರಿನವರು, ಯಾವ ಕಾಲೇಜಿನವರು ಎಂಬುದು ಇಲ್ಲಿ ಬೇಡ. ಹುಟ್ಟುಹಬ್ಬದ ರಾತ್ರಿ. ಬಾಡಿಗೆ ಕೋಣೆಯ ಕಿಟಕಿಗಳಿಗೆ ಬೆಡ್‌ಶೀಟ್ ಕಟ್ಟಿ, ಬಾಗಿಲು ಹಾಕಿಕೊಂಡು ಕುಡಿದಿದ್ದರು. ಹನ್ನೊಂದು ಗಂಟೆಗೆ ಅವನು ಮಾತಾಡುವುದು ನಿಲ್ಲಿಸಿದ. ಹನ್ನೆರಡಕ್ಕೆ ಕರೆದರೆ ಓಗೊಡಲಿಲ್ಲ. ಲಿಂಬೆರಸ ಕುಡಿಸಲು ನೋಡಿದರು, ತಲೆಗೆ ನೀರು ಹೊಯ್ದರು, ಕೊನೆಗೆ "ಮಲಗಲಿ, ಬೆಳಿಗ್ಗೆ ಸರಿಯಾಗ್ತಾನೆ" ಎಂದು ಅಂಗಾತ ಮಲಗಿಸಿದರು. ನಾಲ್ಕು ಗಂಟೆಗೆ ಒಬ್ಬನಿಗೆ ಎಚ್ಚರವಾಗಿ ನೋಡಿದರೆ ತುಟಿ ನೀಲಿಯಾಗಿತ್ತು. ವಾಂತಿ ಶ್ವಾಸನಾಳಕ್ಕೆ ಹೋಗಿತ್ತು.

ಅವನನ್ನು ಕೂಡಲೇ ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ಹನ್ನೊಂದು ದಿನ ಕೃತಕ ಉಸಿರಾಟದಲ್ಲಿದ್ದು ಬದುಕಿಕೊಂಡ. ಆದರೆ ಮೊದಲಿನ ಹುಡುಗನಾಗಲಿಲ್ಲ. ನೆನಪು ಹೋಗಿ ಬಂದು ಮಾಡುತ್ತದೆ, ಓದು ನಿಂತಿದೆ. ಅವನ ತಾಯಿ ನನ್ನಲ್ಲಿ ಹೇಳಿದ್ದು ಒಂದೇ ಮಾತು: "ಕುಡಿದದ್ದಕ್ಕೆ ನಾನು ಬೈಯ್ತಿದ್ದೆ ಸಾರ್, ಹೌದು. ಆದ್ರೆ ಹನ್ನೆರಡು ಗಂಟೆಗೆ ಒಬ್ಬನಾದ್ರೂ ಫೋನ್ ಮಾಡಬಹುದಿತ್ತಲ್ಲ?"

ಆ ನಾಲ್ವರನ್ನು ನಾನು ಕೇಳಿದ್ದೆ, ಏಕೆ ಮಾಡಲಿಲ್ಲ ಎಂದು. ವಾರ್ಡನ್ನಿಗೆ ಗೊತ್ತಾಗುತ್ತದೆ, ಕಾಲೇಜಿನಿಂದ ಹೊರಹಾಕುತ್ತಾರೆ, ಅಪ್ಪ ಕೊಲ್ಲುತ್ತಾರೆ, ಪೊಲೀಸರು ಬರುತ್ತಾರೆ. ನಾಲ್ಕು ಉತ್ತರ, ನಾಲ್ಕೂ ಹೆದರಿಕೆಯವು. ಕುಡಿದು ಬಿದ್ದ ಆ ಹುಡುಗನನ್ನು ಹಾಳುಮಾಡಿದ್ದು ಮದ್ಯವೊಂದೇ ಅಲ್ಲ. ಹನ್ನೆರಡರಿಂದ ನಾಲ್ಕರವರೆಗಿನ ಆ ನಾಲ್ಕು ಗಂಟೆ. ಮುಚ್ಚಿದ ಬಾಗಿಲು.

ಆದ್ದರಿಂದಲೇ ಗುಟ್ಟಿನ ಬಾಗಿಲನ್ನು ಚಂದವಾಗಿ ಅಲಂಕರಿಸಿ, ಅದನ್ನೇ ಒಂದು ಮೋಜು ಎಂದು ಮಾರುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಟೊಪ್ಪಿ ಹಾಕಿಕೊಳ್ಳಲಿ, ಗರಿ ಸಿಕ್ಕಿಸಿಕೊಳ್ಳಲಿ, ಜಾಝ್ ಸಂಗೀತಕ್ಕೆ ಕುಣಿಯಲಿ, ಅದರಲ್ಲಿ ಕೆಟ್ಟದ್ದೇನೂ ಇಲ್ಲ. ಯಕ್ಷಗಾನದ ಜಿಲ್ಲೆಯವರು ನಾವು, ವೇಷ ಕಟ್ಟುವವರನ್ನು ಹಳಿಯುವವರಲ್ಲ. ಆದರೆ 'ಯಾರಿಗೂ ಹೇಳಬೇಡ' ಎಂಬುದೇ ಕುಡಿತದ ಸೊಗಸು ಎಂದು ಎಳೆಯರಿಗೆ ಕಲಿಸಿದರೆ, ಒಬ್ಬ ಗೆಳೆಯ ನೆಲಕ್ಕೆ ಬಿದ್ದ ರಾತ್ರಿಯಲ್ಲಿಯೂ ಅವರು ಅದನ್ನೇ ಪಾಲಿಸುತ್ತಾರೆ.

ದೊಣ್ಣೆಯಿಂದ ಆಗುವ ಕೆಲಸವಲ್ಲ

ಇಷ್ಟು ಓದಿ "ಇಂಥ ಪಾರ್ಟಿಗಳನ್ನು ನುಗ್ಗಿ ನಿಲ್ಲಿಸಬೇಕು" ಎನ್ನುವವರು ಇರಬಹುದು. ಅವರಿಗೆ ನನ್ನ ವಿನಂತಿ, ದಯವಿಟ್ಟು ಬೇಡ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ ಒಂದಕ್ಕೆ ನುಗ್ಗಿ ಹುಡುಗಿಯರನ್ನು ಹೊಡೆದದ್ದನ್ನು, 2012ರ ಜುಲೈಯಲ್ಲಿ ಹೋಂಸ್ಟೇ ಒಂದರಲ್ಲಿ ಹುಟ್ಟುಹಬ್ಬದ ಕೂಟಕ್ಕೆ ನುಗ್ಗಿದ್ದನ್ನು ದೇಶವೆಲ್ಲ ನೋಡಿತು. ಅದರಿಂದ ನಮ್ಮ ಜಿಲ್ಲೆಯಲ್ಲಿ ಒಂದು ಗ್ಲಾಸು ಮದ್ಯವೂ ಕಡಿಮೆಯಾದದ್ದನ್ನು ನಾನು ಕಂಡಿಲ್ಲ. ಕಂಡದ್ದು ಇಷ್ಟೆ: ಹತ್ತು ಜನರ ಕಣ್ಣೆದುರು, ದೀಪದ ಬೆಳಕಿನಲ್ಲಿ ಕುಡಿಯುತ್ತಿದ್ದವರು ಬೆಡ್‌ಶೀಟ್ ಕಟ್ಟಿದ ಕೋಣೆಗೆ ಹೋದರು. ಹೆಣ್ಣುಮಕ್ಕಳು ಮೈಗೆ ಹುಷಾರಿಲ್ಲದಾಗ ಆಸ್ಪತ್ರೆಗೆ ಬರಲು ಇನ್ನಷ್ಟು ಅಂಜಿದರು. ವೈದ್ಯನಾದವನಿಗೆ ಇದು ನಷ್ಟವೇ ಹೊರತು ಲಾಭವಲ್ಲ.

ಗುಟ್ಟಿಗೆ ಮದ್ದು ಬಯಲು. ನಮ್ಮ ಊರಿನ ಕೋಲ ನೇಮಗಳನ್ನೇ ನೋಡಿ. ಕೊರಗಜ್ಜನಿಗೆ ಚಕ್ಕುಲಿ, ವೀಳ್ಯದೆಲೆಯ ಜತೆ ಶೇಂದಿಯನ್ನೂ ಇಡುತ್ತಾರೆ. ಎಲ್ಲರೆದುರು, ಲೆಕ್ಕದಲ್ಲಿ, ಇಡಬೇಕಾದ ಹೊತ್ತಿಗೆ. ಕುಡಿಯಿರಿ ಎಂದು ನಾನು ಇದನ್ನು ಹೇಳುತ್ತಿಲ್ಲ. ಹಿರಿಯರು ಮದ್ಯಕ್ಕೂ ಒಂದು ಅಂಕೆ ಹಾಕಿದ್ದರು, ಅದು ನಾಲ್ಕು ಜನರ ಕಣ್ಣೆದುರಿನ ಅಂಕೆ ಎಂಬುದಷ್ಟೇ ಹೇಳಬೇಕಾದದ್ದು.

ಬಿಡಿಸುವ ಕೆಲಸವೂ ಬಯಲಿನಲ್ಲೇ ನಡೆಯುತ್ತದೆ. ಅಮೆರಿಕದಲ್ಲಿ ಪಾನನಿರೋಧ ರದ್ದಾಗಿ ಒಂದೂವರೆ ವರ್ಷದಲ್ಲಿ, 1935ರ ಜೂನ್‌ನಲ್ಲಿ, ಕುಡಿತಕ್ಕೆ ಬಲಿಯಾಗಿದ್ದ ಒಬ್ಬ ಷೇರು ವ್ಯವಹಾರಸ್ಥ ಮತ್ತು ಒಬ್ಬ ಶಸ್ತ್ರವೈದ್ಯ ಸೇರಿ 'ಆಲ್ಕೋಹಾಲಿಕ್ಸ್ ಅನಾನಿಮಸ್' ಎಂಬ ಕೂಟ ಆರಂಭಿಸಿದರು. ಅವರ ಚಿಕಿತ್ಸೆ ಎಂದರೆ, ಒಬ್ಬ ಕುಡುಕ ಇನ್ನೊಬ್ಬ ಕುಡುಕನ ಮುಂದೆ ಮುಚ್ಚುಮರೆಯಿಲ್ಲದೆ ಮಾತಾಡುವುದು. ನಮ್ಮ ಬೆಳ್ತಂಗಡಿಯಲ್ಲಿ, ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಆರಂಭಿಸಿದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಹಾಗೂ ಜನಜಾಗೃತಿ ವೇದಿಕೆ ಸೇರಿ ನಡೆಸುತ್ತ ಬಂದಿರುವ ಮದ್ಯವರ್ಜನ ಶಿಬಿರಗಳ ಕ್ರಮವೂ ಹೆಚ್ಚುಕಡಿಮೆ ಇದೇ. ಊರಿನ ಸಭಾಭವನದಲ್ಲಿ, ಊರವರ ಎದುರಲ್ಲೇ ಎಂಟು ದಿನ. ಕೊನೆಯಲ್ಲಿ ಹೆಂಡತಿ ಮಕ್ಕಳೂ ಬರುತ್ತಾರೆ. ಬಿಟ್ಟವರು ಮತ್ತೆ ಜಾರದಂತೆ ನವಜೀವನ ಸಮಿತಿಗಳಿವೆ. ಇಂಥ ಶಿಬಿರಗಳು ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ನಡೆದಿವೆ. ಹೋದವರೆಲ್ಲ ಬಿಟ್ಟಿದ್ದಾರೆಂದು ನಾನು ಹೇಳಲಾರೆ. ಮರಳಿ ಜಾರಿದವರು ನನ್ನ ರೋಗಿಗಳಲ್ಲೇ ಇದ್ದಾರೆ. ಆದರೆ ಬಿಟ್ಟವರೂ ಇದ್ದಾರೆ, ಅವರ ಮನೆಯ ಮಕ್ಕಳ ಮುಖ ನೋಡಿದರೆ ಸಾಕು.

ಇಲ್ಲಿ ವೈದ್ಯನಾಗಿ ಒಂದು ಎಚ್ಚರಿಕೆ. ವರ್ಷಗಟ್ಟಲೆ ದಿನವೂ ಕುಡಿದವರು ಹಠದಿಂದ ಒಮ್ಮೆಗೇ ನಿಲ್ಲಿಸಿದರೆ ಎರಡರಿಂದ ನಾಲ್ಕನೇ ದಿನದಲ್ಲಿ ಕೈನಡುಕ, ಬೆವರು, ಇಲ್ಲದ್ದು ಕಾಣುವುದು, ಫಿಟ್ಸ್ ಬರಬಹುದು. ಪ್ರಾಣಕ್ಕೂ ಅಪಾಯ. ಮನೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ. ವೈದ್ಯರ ನಿಗಾದಲ್ಲಿ, ಥಯಾಮಿನ್ ಎಂಬ ಬಿ1 ಜೀವಸತ್ವ ಮತ್ತು ಇತರ ಔಷಧಿಗಳ ನೆರವಿನಿಂದ ಬಿಡಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ. ಜಿಲ್ಲೆಯ ಸರಕಾರಿ ಆಸ್ಪತ್ರೆಗಳಲ್ಲೂ ಮನೋವೈದ್ಯರು ಸಿಗುತ್ತಾರೆ.

ಮಕ್ಕಳಿಗೆ ಹೇಳಿಕೊಡಿ

ಹೊರಗೆ ಓದುವ, ದುಡಿಯುವ ಮಕ್ಕಳಿರುವ ಪ್ರತಿ ಮನೆಯಲ್ಲೂ ಈ ಕೆಳಗಿನ ಸಂಗತಿಗಳನ್ನು ಕೂತು ಮಾತಾಡಬೇಕು. ಅವರು ಕುಡಿಯುತ್ತಾರೋ ಇಲ್ಲವೋ, ಬಿದ್ದ ಗೆಳೆಯನ ಪಕ್ಕದಲ್ಲಿ ಇರುವವರು ಅವರೇ ಆಗಬಹುದು.

ಒಂದು, ಕುಡಿದು ಮಲಗಿದವನನ್ನು ಜೋರಾಗಿ ಕರೆದು, ಭುಜ ತಟ್ಟಿದರೂ ಎಚ್ಚರವಾಗದಿದ್ದರೆ ಅದು ನಿದ್ದೆಯಲ್ಲ. ಉಸಿರಾಟ ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ, ಎರಡು ಉಸಿರಿನ ನಡುವೆ ಹತ್ತು ಸೆಕೆಂಡು ದಾಟಿದರೆ, ತುಟಿ ಉಗುರು ನೀಲಿಯಾದರೆ, ಮೈ ತಣ್ಣಗಾದರೆ, ಫಿಟ್ಸ್ ಬಂದರೆ ತಡಮಾಡದೆ 108ಕ್ಕೆ ಫೋನ್ ಮಾಡಬೇಕು.

ಎರಡು, ಅಂಗಾತ ಮಲಗಿಸಬಾರದು. ಒಂದು ಮಗ್ಗುಲಿಗೆ ತಿರುಗಿಸಿ, ಮೇಲಿನ ಮೊಣಕಾಲನ್ನು ಮಡಚಿ ಮುಂದಕ್ಕಿಟ್ಟು, ಬಾಯಿ ನೆಲದ ಕಡೆಗೆ ಸ್ವಲ್ಪ ಬಾಗುವಂತೆ ಮಲಗಿಸಬೇಕು. ವಾಂತಿ ಬಂದರೆ ಹೊರಗೆ ಹೋಗುತ್ತದೆ. ಅವನನ್ನು ಒಬ್ಬನೇ ಬಿಟ್ಟುಹೋಗಬಾರದು.

ಮೂರು, ಪ್ರಜ್ಞೆ ಮಸುಕಾದವನ ಬಾಯಿಗೆ ಲಿಂಬೆರಸ, ಮಜ್ಜಿಗೆ, ಕಾಫಿ ಏನನ್ನೂ ಹಾಕಬಾರದು. ಬೆರಳು ಹಾಕಿ ವಾಂತಿ ಮಾಡಿಸಬಾರದು. ತಣ್ಣೀರು ಹೊಯ್ಯಬಾರದು, ಮೈ ಬಿಸಿ ಇನ್ನೂ ಇಳಿಯುತ್ತದೆ.

ನಾಲ್ಕು, ವೈದ್ಯರ ಹತ್ತಿರ ಎಷ್ಟು ಕುಡಿದದ್ದು, ಏನು ಕುಡಿದದ್ದು, ಜತೆಗೆ ಮಾತ್ರೆ ಏನಾದರೂ ನುಂಗಿದ್ದುಂಟೇ ಎಂಬುದನ್ನು ನಿಜವಾಗಿ ಹೇಳಬೇಕು. ಮರುದಿನ ಕಣ್ಣು ಮಬ್ಬಾದರೆ "ಹ್ಯಾಂಗೋವರ್" ಎಂದು ಮಲಗಬಾರದು. ನಮಗೆ ಬೇಕಾದದ್ದು ಕಾಯಿಲೆಯ ಕಾರಣ, ಚಾರಿತ್ರ್ಯದ ಸರ್ಟಿಫಿಕೇಟ್ ಅಲ್ಲ.

ಐದನೆಯದು ತಂದೆತಾಯಿಗೆ. "ಎಷ್ಟು ರಾತ್ರಿಯಾದರೂ ಫೋನ್ ಮಾಡು, ಆ ಹೊತ್ತಿಗೆ ನಾನು ಬೈಯುವುದಿಲ್ಲ" ಎಂಬ ಮಾತನ್ನು ಮೊದಲೇ ಕೊಟ್ಟಿಡಿ. ಕೊಟ್ಟ ಮೇಲೆ ಉಳಿಸಿಕೊಳ್ಳಿ. ಬುದ್ಧಿಮಾತು ಮರುದಿನಕ್ಕೆ ಕಾದೀತು, ಉಸಿರು ಕಾಯುವುದಿಲ್ಲ. ಮತ್ತು ಮನೆಯ ಕಪಾಟಿನಲ್ಲಿ ಅಪ್ಪನ ಬಾಟಲಿಯೂ ಗುಟ್ಟಾಗಿ ಇದ್ದರೆ, ಮಕ್ಕಳಿಗೆ ಗುಟ್ಟು ಕಲಿಸಿದ ಮೊದಲ ಗುರು ಯಾರು ಎಂಬುದನ್ನೂ ಯೋಚಿಸಿ.

ಮೊನ್ನೆ ಪುತ್ತಿಗೆಯ ಆ ಕೃಷಿಕರು ಮತ್ತೆ ಬಂದಿದ್ದರು. ಏನಾಯಿತು ಎಂದು ಕೇಳಿದೆ.

"ಹಣ ಕಳಿಸಿದೆ ಡಾಕ್ಟ್ರೇ. ಹೋಗಬೇಡ ಅನ್ಲಿಲ್ಲ. ಅವಳಿಗೆ ಇಪ್ಪತ್ತೊಂದು ತುಂಬಿತಲ್ಲ, ಕಟ್ಟಿಹಾಕ್ಲಿಕ್ಕೆ ಆಗ್ತದಾ? ನನ್ನ ದೊಡ್ಡಪ್ಪ ಗಂಗಸರ ಕುಡಿದು ಹೋದ ಕತೆ ಇದುವರೆಗೆ ಮನೆಯಲ್ಲಿ ಹೇಳಿರಲಿಲ್ಲ. ಅದನ್ನು ಹೇಳಿದೆ. ರಾತ್ರಿ ಎಷ್ಟು ಹೊತ್ತಿಗಾದ್ರೂ ಫೋನ್ ಮಾಡು ಅಂದೆ."

"ಮಾಡಿದಳೇ?"

"ಹನ್ನೊಂದೂವರೆಗೆ ಮಾಡಿದಳು. ರೂಮಿಗೆ ಬಂದೆ ಅಪ್ಪಾ, ಮಲಕ್ಕೊಳ್ಳಿ ಅಂದಳು. ಕುಡಿದಿದ್ದಳಾ ಇಲ್ಲವಾ ಕೇಳ್ಲಿಲ್ಲ. ಮರುದಿನ ಅವಳೇ ಹೇಳಿದಳು, ಒಂದು ಕಪ್ ಕುಡಿದೆ, ಕಹಿ, ಉಳಿದದ್ದೆಲ್ಲ ಫೋಟೋ ತೆಗೆಸಿಕೊಂಡದ್ದೇ ಅಂತ."

ರಕ್ತದೊತ್ತಡ ನೋಡಿದೆ. ಕಳೆದ ಸಲಕ್ಕಿಂತ ಸ್ವಲ್ಪ ಹೆಚ್ಚಿತ್ತು. ನಿದ್ದೆಗೆಟ್ಟು ಕಾದ ಅಪ್ಪಂದಿರಿಗೆ ಅಷ್ಟು ಏರುವುದು ಸಹಜ. ಉಪ್ಪು ಕಡಿಮೆ ಮಾಡಿ, ಮಾತ್ರೆ ತಪ್ಪಿಸಬೇಡಿ ಎಂದು ಹೇಳಿ ಕಳಿಸಿದೆ.